ಆರು ಜನರ ಬ್ಯಾಂಡ್, ಒಂದು ಬಿಸ್ಕತ್ತಿನ ಡಬ್ಬಿ

ಪ್ರತಿ ಜನವರಿಯಲ್ಲೂ ಸ್ಕಾಟ್ಲೆಂಡಿನ ಗ್ಲಾಸ್ಗೋದ ನನ್ನ ಆಫೀಸಿಗೆ ಒಂದು ಬಿಸ್ಕತ್ತಿನ ಡಬ್ಬಿ ಬರುತ್ತದೆ. ತಗಡಿನದು, ಮುಚ್ಚಳದ ಮೇಲೆ ಜಿಂಕೆಯ ಚಿತ್ರ. ಒಳಗೆ ಬಿಸ್ಕತ್ತು ಇರುವುದಿಲ್ಲ. ಡೀಸೆಲ್ ಬಿಲ್ಲು, ಗಿಟಾರ್ ತಂತಿಯ ಬಿಲ್ಲು, ದ್ವೀಪಕ್ಕೆ ಹೋಗಿಬಂದ ಫೆರ್ರಿ ಟಿಕೆಟ್ಟು, ಬಿಯರ್ ಚೆಲ್ಲಿ ಅಕ್ಷರವೇ ಅಳಿಸಿಹೋದ ಒಂದಿಷ್ಟು ಚೀಟಿ. ಡಬ್ಬಿ ಒಂದು ಇಂಡಿ ಫೋಕ್ ಬ್ಯಾಂಡಿನದು, ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಜನಪದ ಧಾಟಿಯಲ್ಲಿ ಹಾಡುವವರದು. ಆರು ಜನ ಇದ್ದಾರೆ. ಹೆಸರು ಹೇಳುವುದಿಲ್ಲ, ಅವರ ಲೆಕ್ಕ ಬರೆಯುವವಳು ನಾನು.

ಇಲ್ಲಿ ತೆರಿಗೆ ರಿಟರ್ನ್ ಕೊಡಲು ಜನವರಿ 31 ಕಡೇ ದಿನ. ಅದೇ ತಿಂಗಳು ಊರಿನಲ್ಲಿ ಸೆಲ್ಟಿಕ್ ಕನೆಕ್ಷನ್ಸ್ ಅನ್ನುವ ಸಂಗೀತ ಹಬ್ಬ. 1994ರಿಂದ ನಡೆದುಬಂದಿದೆ. ಅಂದರೆ ಈ ಸಂಗೀತಗಾರರಿಗೆ ಕೈತುಂಬ ಕೆಲಸ ಇರುವ ತಿಂಗಳಲ್ಲೇ ನಾನು ಅವರ ಬೆನ್ನು ಬೀಳಬೇಕು. ದಾವಣಗೆರೆಯಿಂದ ಅಮ್ಮ ಫೋನು ಮಾಡಿದಾಗ, "ಅಷ್ಟು ಓದಿ ಆರ್ಕೆಸ್ಟ್ರಾದವರ ಲೆಕ್ಕ ಬರೀತೀಯೇನೇ?" ಅಂತಾರೆ. ಹೌದಮ್ಮ, ಅದನ್ನೇ ಬರೀತೀನಿ.

ಬ್ಯಾಂಡಿನ ಹಣೆಬರಹ ಹಾಡಿನ ಮೇಲೆ ನಿಂತಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಷ್ಟು ವರ್ಷ ಈ ಡಬ್ಬಿಗಳನ್ನು ಬಿಚ್ಚಿ ನೋಡಿದ ನನಗೆ ಅನಿಸುವುದೇ ಬೇರೆ. ಒಳ್ಳೆ ಹಾಡು ತುಂಬ ಜನರ ಹತ್ತಿರ ಇದೆ. ಬ್ಯಾಂಡು ಉಳಿಯುವುದೋ ಬಿಡುವುದೋ ಜಾಸ್ತಿ ನಿಂತಿರುವುದು ಭಾಗಾಕಾರದ ಮೇಲೆ.

ಒಂದು ರಾತ್ರಿಯ ಲೆಕ್ಕ ನೋಡಿ. ಅಂಕಿಗಳನ್ನು ಉದಾಹರಣೆಗೆ ಅಂತ ನಾನೇ ಹಾಕಿದ್ದು, ಆದರೆ ಲೆಕ್ಕ ಸಾಗುವ ದಾರಿ ಇದೇ. 14 ಪೌಂಡಿನ ಟಿಕೆಟ್ಟು, 180 ಜನ ಬಂದರು ಅನ್ನಿ. 2,520 ಪೌಂಡ್. ಸಣ್ಣ ಊರಿನ ಸಂಜೆಗೆ ಇದು ಒಳ್ಳೆ ಜನವೇ. ಮೊದಲು ಅದರೊಳಗಿನ ವ್ಯಾಟ್ 420 ಹೋಯಿತು, 2,100 ಉಳಿಯಿತು. ಅದರಲ್ಲಿ 4.2 ಶೇಕಡಾ ಹಾಡು ಬರೆದವರ ಹಕ್ಕಿನ ಹಣವಾಗಿ, ಅದನ್ನು ವಸೂಲಿ ಮಾಡಿ ಹಂಚುವ ಪಿಆರ್‌ಎಸ್ ಸಂಸ್ಥೆಗೆ, ಅಂದರೆ 88 ಪೌಂಡ್ ಚಿಲ್ಲರೆ. ಹಾಲ್ ಬಾಡಿಗೆ, ಸೌಂಡ್‌ನವರು, ಬಾಗಿಲಲ್ಲಿ ನಿಲ್ಲುವವರು, ಪೋಸ್ಟರ್, ಮೊದಲು ಹಾಡಲು ಬಂದ ಹುಡುಗಿಯ ಸಂಭಾವನೆ ಎಲ್ಲ ಸೇರಿ 700. ಉಳಿದ 1,312ರಲ್ಲಿ ಬ್ಯಾಂಡಿಗೆ 80 ಪಾಲು, ಕಾರ್ಯಕ್ರಮ ಮಾಡಿಸಿದವರಿಗೆ 20 ಪಾಲು ಅಂತ ಮಾತಾಗಿದ್ದರೆ ಬ್ಯಾಂಡಿಗೆ 1,050 ಬಂತು. ಅದರಲ್ಲಿ ಏಜೆಂಟನ ಶೇಕಡಾ 15 ತೆಗೆದರೆ 892. ವ್ಯಾನು, ಡೀಸೆಲ್, ರಾತ್ರಿ ಮಲಗಲು ಎರಡು ರೂಮು, ಒಟ್ಟು 350. ಕೈಯಲ್ಲಿ ಉಳಿದದ್ದು 542.

ಆರರಿಂದ ಭಾಗಿಸಿ. ತಲೆಗೆ 90 ಪೌಂಡ್.

ಮಧ್ಯಾಹ್ನ ಸಾಮಾನು ತುಂಬಿದ್ದರಿಂದ ಹಿಡಿದು ರಾತ್ರಿ ಎರಡು ಗಂಟೆಗೆ ಇಳಿಸುವವರೆಗಿನ ಕೂಲಿ ಅದು. ಇನ್ನು ಅದೇ ಹಾಡು ಬರೆದವನು ಗಿಟಾರ್ ಹೆಗಲಿಗೇರಿಸಿ, ಒಬ್ಬನೇ ರೈಲು ಹತ್ತಿ ಹೋಗಿ, ಅರ್ಧ ಜನರ ಮುಂದೆ ಹಾಡಿಬಂದರೂ ಇದರ ಎರಡರಷ್ಟೋ ಮೂರರಷ್ಟೋ ತರುತ್ತಾನೆ. ಬ್ಯಾಂಡಿನ ಹಾಡುಗಾರ "ಈ ಸಲ ಸೋಲೋ ಟೂರ್" ಅಂದರೆ ಅಭಿಮಾನಿಗಳು ಜಗಳ ಆಯಿತೇನೋ ಅಂತ ಗಾಬರಿಯಾಗುತ್ತಾರೆ. ಎಷ್ಟೋ ಸಲ ಜಗಳವೇನೂ ಇಲ್ಲ, ಸುಮ್ನೆ ಲೆಕ್ಕ ಅಷ್ಟೇ.

ನನ್ನ ಕಕ್ಷಿದಾರರಲ್ಲದ, ಎಲ್ಲರಿಗೂ ಗೊತ್ತಿರುವ ಬ್ಯಾಂಡೊಂದನ್ನು ತೆಗೆದುಕೊಳ್ಳೋಣ. ಅಡ್ಮಿರಲ್ ಫ್ಯಾಲೋ. 2007ರಲ್ಲಿ ಗ್ಲಾಸ್ಗೋದಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. ಹಾಡು ಬರೆಯುವುದು ಮುಖ್ಯವಾಗಿ ಲೂಯಿಸ್ ಅಬಟ್. ಆದರೆ ಕೇಳಿದ ಕೂಡಲೇ ಅವರದೇ ಅಂತ ಗೊತ್ತಾಗುವುದು ಕ್ಲಾರಿನೆಟ್, ಕೊಳಲು, ಅಕಾರ್ಡಿಯನ್ ಸೇರಿದ ಆ ದಪ್ಪ ನಾದದಿಂದ. ಮೊದಲ ಆಲ್ಬಮ್ ಆದಮೇಲೆ 2012ರಲ್ಲಿ ಎರಡನೆಯದು, 2015ರಲ್ಲಿ ಮೂರನೆಯದು ಬಂತು. ನಾಲ್ಕನೆಯದು ಬಂದದ್ದು 2021ರಲ್ಲಿ. ನಡುವಿನ ಆರು ವರ್ಷದಲ್ಲಿ ಅವರ ಮನೆಯ ಲೆಕ್ಕ ಹೇಗಿತ್ತು ಅಂತ ಹೇಳುವುದು ನನ್ನ ಕೆಲಸವಲ್ಲ. ಆದರೆ ಇಂಥ ಅಂತರ ನೋಡಿ "ಬ್ಯಾಂಡು ಮುಗಿಯಿತು" ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ. ನನ್ನ ಡಬ್ಬಿಯವರಲ್ಲಿ ಒಬ್ಬಳು ಶಾಲೆಯಲ್ಲಿ ಪಿಟೀಲು ಕಲಿಸುತ್ತಾಳೆ, ಒಬ್ಬ ಬಡಗಿ, ಇನ್ನೊಬ್ಬ ಬೇರೆಯವರ ಮದುವೆಯಲ್ಲಿ ಕೇಲಿ ಅನ್ನುವ ಇಲ್ಲಿನ ಗುಂಪು ಕುಣಿತಕ್ಕೆ ನುಡಿಸುತ್ತಾನೆ. ಈ ಮದುವೆ ದುಡ್ಡಿಗೆ ಮರ್ಯಾದೆ ಕೊಡಿ. ಅದಿಲ್ಲದಿದ್ದರೆ ಎಷ್ಟೋ ಆಲ್ಬಮ್ ಹುಟ್ಟುತ್ತಲೇ ಇರಲಿಲ್ಲ.

ಖರ್ಚನ್ನೇ ಚಿಕ್ಕದು ಮಾಡುವುದು ಇನ್ನೊಂದು ದಾರಿ. ಫೈಫ್ ಕರಾವಳಿಯ ಕೆನ್ನಿ ಆಂಡರ್ಸನ್, ಕಿಂಗ್ ಕ್ರಿಯೊಸೋಟ್ ಅಂತ ಹಾಡುವವರು, ಮನೆಯಲ್ಲೇ ಸಿಡಿಗೆ ಹಾಡು ತುಂಬಿಸಿ ಮಾರುತ್ತ 40ಕ್ಕೂ ಜಾಸ್ತಿ ಆಲ್ಬಮ್ ಮಾಡಿದರು. 2011ರಲ್ಲಿ ಜಾನ್ ಹಾಪ್‌ಕಿನ್ಸ್ ಜೊತೆ ಮಾಡಿದ ಆಲ್ಬಮ್, ಬ್ರಿಟನ್ನಿನ ಆಲ್ಬಮ್‌ಗಳಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಪಟ್ಟಿ ಸೇರಿದಾಗ ಎಷ್ಟೋ ಜನ ಅವರನ್ನು ಹೊಸಬ ಅಂದುಕೊಂಡರು! ಆಂಡರ್ಸನ್ ಅವರ ಲೇಬಲ್‌ನಲ್ಲಿ, ಅಂದರೆ ಆಲ್ಬಮ್ ಹೊರತರುವ ಸಂಸ್ಥೆಯಲ್ಲಿ, ಜೊತೆಗಿದ್ದ ಜಾನಿ ಲಿಂಚ್ 2013ರಲ್ಲಿ ಬೇರೆಯಾಗಿ, ನೂರು ಚಿಲ್ಲರೆ ಜನರಿರುವ ಎಗ್ ದ್ವೀಪದಿಂದ ಲಾಸ್ಟ್ ಮ್ಯಾಪ್ ಅನ್ನುವ ಲೇಬಲ್ ನಡೆಸುತ್ತ ಬಂದಿದ್ದಾರೆ.

ಸ್ಟ್ರೀಮಿಂಗ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎರಡೇ ಮಾತು. ಹಿಂದಿನ 12 ತಿಂಗಳಲ್ಲಿ ಒಂದು ಹಾಡು 1,000 ಸಲ ಕೇಳಿಸದಿದ್ದರೆ ಆ ಧ್ವನಿಮುದ್ರಣಕ್ಕೆ 2024ರಿಂದ ಸ್ಪಾಟಿಫೈ ಏನೂ ಕೊಡುವುದಿಲ್ಲ. ಸಾವಿರ ದಾಟಿದರೂ ಬರುವ ದುಡ್ಡಿನಲ್ಲಿ ನನ್ನ ಫೀಸು ಹುಟ್ಟುವುದಿಲ್ಲ.

ನಾನು ಬಡಿದುಕೊಳ್ಳುವುದು ಸೆಟ್‌ಲಿಸ್ಟ್‌ಗೆ, ಅಂದರೆ ಒಂದು ಕಾರ್ಯಕ್ರಮದ ಹಾಡುಗಳ ಪಟ್ಟಿಗೆ. ಮೇಲಿನ ಆ ರಾತ್ರಿಯ ಲೆಕ್ಕದಲ್ಲಿ ಪಿಆರ್‌ಎಸ್‌ಗೆ ಹೋದ 88 ಪೌಂಡ್ ಇತ್ತಲ್ಲ, ಅದರ ದೊಡ್ಡ ಭಾಗ ತಿರುಗಿ ಇವರ ಜೇಬಿಗೇ ಬರಬೇಕಾದದ್ದು. ಅವತ್ತು ಏನೇನು ಹಾಡಿದಿರಿ ಅಂತ ಬರೆದು ಕಳಿಸಬೇಕು, ಅಷ್ಟೇ. ಕಳಿಸುವುದಿಲ್ಲ! ಡಬ್ಬಿಯ ತಳದಲ್ಲಿ ಕಾಲಿನ ಗುರುತು ಮೂಡಿದ ಸೆಟ್‌ಲಿಸ್ಟ್‌ಗಳು ಸಿಗುತ್ತವೆ, ವೇದಿಕೆಗೆ ಅಂಟಿಸಿದ ಟೇಪು ಇನ್ನೂ ಅವಕ್ಕೆ ಹಾಗೇ ಇರುತ್ತದೆ. ಹಳೆಯ ಜನಪದ ಹಾಡಾದರೂ, ತಾವೇ ಹೊಸದಾಗಿ ಜೋಡಿಸಿ ನುಡಿಸಿದ್ದರೆ ಆ ಜೋಡಣೆಯನ್ನು ನೋಂದಾಯಿಸಿ ಹಣ ಪಡೆಯಬಹುದು. ಫೋಕ್ ಬ್ಯಾಂಡಿನವರಿಗೇ ಇದು ಗೊತ್ತಿರುವುದಿಲ್ಲ, ನೋಡಿ.

ಇಲ್ಲೇ ಒಂದು ಮುಳ್ಳೂ ಇದೆ. ಈ ಹಣ ಹಾಡು ಬರೆದವರಿಗೆ ಹೋಗುತ್ತದೆ, ನುಡಿಸಿದವರಿಗಲ್ಲ. ಎಲ್ಲರೂ ನೆನಪಿಟ್ಟುಕೊಂಡ ರಾಗ ಕ್ಲಾರಿನೆಟ್‌ನವನದು ಆಗಿರಬಹುದು, ಆದರೆ ಫಾರಂನಲ್ಲಿ ಅವನ ಹೆಸರಿಲ್ಲದಿದ್ದರೆ ಅವನಿಗೆ ಸೊನ್ನೆ. ಐದು ವರ್ಷ ಇದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆರನೇ ವರ್ಷ ಯಾರಿಗಾದರೂ ಮಗು ಹುಟ್ಟುತ್ತದೆ, ಮಾತು ಹೊರಗೆ ಬರುತ್ತದೆ.

ಬರೆಯುವವರಿಗೆ ತೆರಿಗೆಯಲ್ಲಿ ಒಂದು ಸಣ್ಣ ಕರುಣೆ ಉಂಟು. ಒಂದು ವರ್ಷ ಚೆನ್ನಾಗಿ ಬಂದು, ಪಕ್ಕದ ವರ್ಷದ ಲಾಭ ಅದರ ಮುಕ್ಕಾಲಿಗಿಂತ ಕೆಳಗಿಳಿದರೆ, ಎರಡನ್ನೂ ಕೂಡಿಸಿ ಸರಾಸರಿಯ ಮೇಲೆ ತೆರಿಗೆ ಕಟ್ಟಬಹುದು. ಕಾನೂನಿನಲ್ಲಿ ಇದಿರುವ ಅಧ್ಯಾಯ ಯಾರದು ಗೊತ್ತೇ? ರೈತರದು ಮತ್ತು ಕಲಾವಿದರದು. ಇಬ್ಬರಿಗೂ ಸೇರಿ ಒಂದೇ ಅಧ್ಯಾಯ. ಆ ಪುಟ ತೆರೆದಾಗಲೆಲ್ಲ ಮಳೆ ನೋಡಿ ಸಾಲ ಮಾಡುತ್ತಿದ್ದ ನಮ್ಮ ತಾತ ನೆನಪಾಗುತ್ತಾರೆ.

ಇನ್ನು ಯಾರೂ ಓದದ ಕಾಗದದ ವಿಷಯ. ಗೆಳೆಯರು ಸೇರಿ ಲಾಭಕ್ಕೆ ಅಂತ ಬ್ಯಾಂಡು ನಡೆಸಿದರೆ, ಒಂದು ಸಾಲೂ ಬರೆಯದಿದ್ದರೂ, ಅದು ಪಾಲುದಾರಿಕೆ. 1890ರ ಕಾಯ್ದೆ ಈಗಲೂ ನಡೆಯುತ್ತಿದೆ. ಬೇರೆ ಮಾತಾಗಿಲ್ಲದಿದ್ದರೆ ಎಲ್ಲರಿಗೂ ಸಮಪಾಲು, ಒಬ್ಬರು ನೋಟಿಸ್ ಕೊಟ್ಟು ಹೊರಟರೆ ಪಾಲುದಾರಿಕೆಯೇ ಮುಗಿದ ಹಾಗೆ. ಸ್ಕಾಟ್ಲೆಂಡಿನಲ್ಲಿ ಇನ್ನೂ ಒಂದು ವಿಶೇಷ ಇದೆ. ಇಲ್ಲಿ ಪಾಲುದಾರಿಕೆ ಅನ್ನುವುದು ಪಾಲುದಾರರಿಂದ ಬೇರೆಯಾದ ಒಬ್ಬ ವ್ಯಕ್ತಿ, ಕಾನೂನಿನ ಕಣ್ಣಿಗೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ, 1932ರ ನಮ್ಮ ಭಾರತದ ಕಾಯ್ದೆಯಲ್ಲೂ ಹಾಗಿಲ್ಲ. ಅಂದರೆ ಆ ವ್ಯಾನಿನಲ್ಲಿ ಆರಲ್ಲ, ಏಳು ಜನ ಕೂತಿದ್ದಾರೆ. ಏಳನೆಯವರು ಬ್ಯಾಂಡು.

ಮೊನ್ನೆ ಡಬ್ಬಿಯವರಲ್ಲಿ ಅಕಾರ್ಡಿಯನ್ ನುಡಿಸುವವಳು ಬಿಟ್ಟು ಹೊರಟಳು. ಜಗಳ ಇಲ್ಲ, ಗಂಡನಿಗೆ ಅಬರ್ಡೀನ್‌ನಲ್ಲಿ ಕೆಲಸ ಸಿಕ್ಕಿತು. ಆ ಅಕಾರ್ಡಿಯನ್ ಟೀ ಶರ್ಟ್ ಮಾರಿದ ದುಡ್ಡಿನಲ್ಲಿ ತಂದದ್ದು, ರಸೀದಿ ನನ್ನ ಫೈಲಿನಲ್ಲಿದೆ, ಬ್ಯಾಂಡಿನ ಆಸ್ತಿ ಅಂತ ನಾನೇ ಬರೆದಿದ್ದೇನೆ. ಅವಳಿಗೆ ಅದು ಬೇಕು. ಉಳಿದವರಿಗೆ ನುಡಿಸಲು ಬರುವುದಿಲ್ಲ, ಆದರೆ ಕೊಡಲು ಮನಸ್ಸೂ ಇಲ್ಲ. ತೀರ್ಮಾನ ಆಗುವವರೆಗೆ ಅಂತ ನನ್ನ ಆಫೀಸಿನಲ್ಲಿ ಇಟ್ಟು ಹೋಗಿ ಮೂರು ವಾರ ಆಯಿತು. ಕ್ಲೀನ್ ಮಾಡಲು ಬರುವವರು ಪೆಟ್ಟಿಗೆ ಸರಿಸುವಾಗಲೆಲ್ಲ ಒಳಗಿಂದ ಸಣ್ಣಗೆ ಒಂದು ಸ್ವರ ಬರುತ್ತದೆ.