ಓವರ್‌ಕ್ಲಾಕಿಂಗ್: ಲ್ಯಾಪ್‌ಟಾಪಿನ ಮಟ್ಟಿಗೆ ಈ ಪದದ ಅರ್ಥವೇನು?

ಓವರ್‌ಕ್ಲಾಕಿಂಗ್ ಎಂಬ ಪದದೊಳಗಿನ 'ಕ್ಲಾಕ್' ಹೊತ್ತು ತೋರಿಸುವ ಗಡಿಯಾರವಲ್ಲ. ಮದರ್‌ಬೋರ್ಡಿನ ಮೇಲಿನ ಪುಟ್ಟ ಸ್ಫಟಿಕವೊಂದರ ಕಂಪನದಿಂದ ಹುಟ್ಟಿ, ಪ್ರೊಸೆಸರಿನ ಕೋಟ್ಯಂತರ ಟ್ರಾನ್ಸಿಸ್ಟರುಗಳಿಗೆ ಒಂದೇ ಲಯದಲ್ಲಿ ಹೆಜ್ಜೆ ಹಾಕಿಸುವ ವಿದ್ಯುತ್ ಮಿಡಿತಕ್ಕೆ ಆ ಹೆಸರು. ಇಂದಿನ ಹೆಚ್ಚಿನ ಕಂಪ್ಯೂಟರುಗಳಲ್ಲಿ ಈ ಮೂಲ ಮಿಡಿತ ಸೆಕೆಂಡಿಗೆ 10 ಕೋಟಿ, ಅಂದರೆ 100 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು 45ರಿಂದ ಗುಣಿಸಿಕೊಂಡಾಗ 4.5 ಗಿಗಾಹರ್ಟ್ಸ್ ವೇಗ ದೊರೆಯುತ್ತದೆ. ತಯಾರಕರು ಗೊತ್ತುಪಡಿಸಿದ ಮಿತಿಯನ್ನು ದಾಟಿ ಈ ವೇಗವನ್ನು ಬಳಕೆದಾರರೇ ಏರಿಸಿಕೊಳ್ಳುವುದು ಓವರ್‌ಕ್ಲಾಕಿಂಗ್.

ಈ ಹವ್ಯಾಸಕ್ಕೆ ಹೆಸರು ತಂದ ಚಿಪ್‌ಗಳಲ್ಲಿ 1998ರ ಇಂಟೆಲ್ ಸೆಲೆರಾನ್ 300ಎ ಒಂದು. ಅದರ ಗುಣಕವು 4.5ಕ್ಕೇ ಬೀಗ ಬಿದ್ದಿದ್ದರೂ, ಮದರ್‌ಬೋರ್ಡಿನ ಮೂಲ ಮಿಡಿತವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300 ಮೆಗಾಹರ್ಟ್ಸ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು ವೇಗ, ಅದೂ ಪುಕ್ಕಟೆ. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿ ತೆಗೆದ ಚಿಪ್‌ಗಳ ಕಸುವೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ತಯಾರಕರು ಎಲ್ಲಕ್ಕೂ ಸಲ್ಲುವ ವೇಗವನ್ನು ನಮೂದಿಸಿ ಮೇಲೆ ಧಾರಾಳವಾಗಿ ಜಾಗ ಬಿಟ್ಟಿರುತ್ತಿದ್ದರು. ಆ ಜಾಗ ಈಗ ಬಹುಮಟ್ಟಿಗೆ ತುಂಬಿಹೋಗಿದೆ. 2008ರಲ್ಲಿ ಇಂಟೆಲ್‌ನ ಟರ್ಬೋ ಬೂಸ್ಟ್, 2012ರಲ್ಲಿ ಗ್ರಾಫಿಕ್ಸ್ ಚಿಪ್ ತಯಾರಿಸುವ ಎನ್‌ವಿಡಿಯಾದ ಜಿಪಿಯು ಬೂಸ್ಟ್ ಬಂದ ಮೇಲೆ, ಬಿಸಿ ಮತ್ತು ವಿದ್ಯುತ್ತಿನ ಲೆಕ್ಕ ನೋಡಿಕೊಂಡು ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತದೆ. ಒಂದರ್ಥದಲ್ಲಿ ಇಂದಿನ ಲ್ಯಾಪ್‌ಟಾಪ್ ಕೊಂಡ ದಿನವೇ ಓವರ್‌ಕ್ಲಾಕ್ ಆಗಿ ಬಂದಿರುತ್ತದೆ.

ಹಾಗಾದರೆ ಲ್ಯಾಪ್‌ಟಾಪನ್ನು ತಡೆಯುವುದು ಯಾವುದು? ಮೆಗಾಹರ್ಟ್ಸ್ ಅಂಕಿ ಅಲ್ಲ, ಬಿಸಿ ಮತ್ತು ವ್ಯಾಟ್. ಚಿಪ್ ಕೆಲಸ ಮಾಡುವಾಗ ಎಳೆಯುವ ವಿದ್ಯುತ್ತು ವೇಗಕ್ಕೆ ಅನುಗುಣವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಹೆಚ್ಚುತ್ತದೆ. ವೇಗವನ್ನು ಶೇ. 10ರಷ್ಟು ಏರಿಸಿ, ಅದನ್ನು ತಾಳಿಕೊಳ್ಳಲೆಂದು ವೋಲ್ಟೇಜನ್ನೂ ಶೇ. 10ರಷ್ಟು ಏರಿಸಿದರೆ ವಿದ್ಯುತ್ತು 1.1ರ ಘನ, ಅಂದರೆ ಸುಮಾರು 1.33 ಪಟ್ಟಾಗುತ್ತದೆ; ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಬಿಸಿ ತೆರಬೇಕಾಗುತ್ತದೆ. ಡೆಸ್ಕ್‌ಟಾಪಿಗೆ ದೊಡ್ಡ ಫ್ಯಾನ್ ಕೂರಿಸಿ ಇದನ್ನು ನಿಭಾಯಿಸಬಹುದು. ಬೆರಳಗಲದ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರು ಮತ್ತು ಗ್ರಾಫಿಕ್ಸ್ ಚಿಪ್ ಎರಡರ ಮೇಲೂ ಒಂದೇ ತಾಮ್ರದ ಕೊಳವೆ ಹಾದುಹೋಗಿರುವುದೇ ಹೆಚ್ಚು. ಪ್ರೊಸೆಸರನ್ನು ಓಡಿಸಿದರೆ ಅದರ ಬಿಸಿ ಗ್ರಾಫಿಕ್ಸ್ ಚಿಪ್ಪಿಗೂ ತಟ್ಟಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಟದ ಫ್ರೇಮುಗಳು ಬೀಳತೊಡಗುತ್ತವೆ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಪ್ರೊಸೆಸರುಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಇದಕ್ಕೆ ಥ್ರಾಟ್ಲಿಂಗ್ ಎನ್ನುತ್ತಾರೆ. ಸುಮ್ಮನೆ ಆಟವಾಡುವಾಗಲೇ ಥ್ರಾಟ್ಲಿಂಗ್ ಆಗುತ್ತಿರುವ ಯಂತ್ರದ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡುವುದೆಂದರೆ ಬ್ರೇಕ್ ಒತ್ತಿಕೊಂಡೇ ಆಕ್ಸಿಲರೇಟರ್ ತುಳಿದ ಹಾಗೆ.

ಪ್ರೊಸೆಸರಿನ ವಿಷಯ ಬೇಗ ಮುಗಿಯುತ್ತದೆ. ಇಂಟೆಲ್‌ನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಗುಣಕದ ಬೀಗ ತೆರೆದಿರುವುದು ಮುಖ್ಯವಾಗಿ ಎಚ್‌ಕೆ, ಎಚ್‌ಎಕ್ಸ್ ಎಂದು ಕೊನೆಗೊಳ್ಳುವ ಮಾದರಿಗಳಲ್ಲಿ. ಬರೀ ಎಚ್ ಅಥವಾ ಯು ಎಂದಿದ್ದರೆ ಸಾಮಾನ್ಯವಾಗಿ ದಾರಿ ಮುಚ್ಚಿದೆ. ತೆರೆದಿರುವ ಚಿಪ್‌ಗಳಲ್ಲೂ ಅದನ್ನು ಪ್ರಯತ್ನಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ ಶ್ರಮ.

ಗ್ರಾಫಿಕ್ಸ್ ಕಾರ್ಡಿನ ಕಥೆ ಬೇರೆ. ಮೊದಲು ತಿಳಿಯಬೇಕಾದದ್ದು, ಒಂದೇ ಹೆಸರಿನ ಚಿಪ್ ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದೇ ಅಲ್ಲ ಎಂಬುದು. ಉದಾಹರಣೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 4060ರ ಲ್ಯಾಪ್‌ಟಾಪ್ ಆವೃತ್ತಿಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಮಿತಿ ಇಡಬಹುದು, ಮತ್ತು ಆ ಮಿತಿಯನ್ನು ಬಳಕೆದಾರರು ಸಾಮಾನ್ಯವಾಗಿ ಬದಲಿಸಲಾಗದು. ಎರಡನೆಯದು ಇನ್ನೂ ಸ್ವಾರಸ್ಯದ ಸಂಗತಿ. ಇಷ್ಟು ವೋಲ್ಟೇಜಿಗೆ ಇಷ್ಟು ವೇಗ ಎಂದು ನಮೂದಿಸಿಟ್ಟ ಒಂದು ವಕ್ರರೇಖೆ ಪ್ರತಿ ಗ್ರಾಫಿಕ್ಸ್ ಚಿಪ್‌ಗೂ ಇರುತ್ತದೆ. ಗ್ರಾಫಿಕ್ಸ್ ಚಿಪ್ಪಿನ ವೇಗ ಬದಲಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕೋರ್ ಕ್ಲಾಕ್ ಎಂಬಲ್ಲಿ +100 ಎಂದು ಕೊಟ್ಟಾಗ ಚಿಪ್‌ಗೆ ಹೆಚ್ಚಿನ ವೋಲ್ಟೇಜ್ ಹರಿಯುವುದಿಲ್ಲ. ಆ ರೇಖೆ 100 ಮೆಗಾಹರ್ಟ್ಸ್ ಮೇಲಕ್ಕೆ ಸರಿಯುತ್ತದೆ, ಅಷ್ಟೆ. ಮೊದಲು 0.9 ವೋಲ್ಟಿನಲ್ಲಿ 2,000 ಮೆಗಾಹರ್ಟ್ಸ್ ಓಡುತ್ತಿದ್ದ ಚಿಪ್ ಈಗ ಅದೇ ವೋಲ್ಟಿನಲ್ಲಿ 2,100 ಓಡಬೇಕು ಎಂದಾಯಿತು. ಇದನ್ನೇ ತಿರುಗಿಸಿ ಓದಿದರೆ, ಹಳೆಯ 2,000ಕ್ಕೆ ಈಗ ಮೊದಲಿಗಿಂತ ಕಡಿಮೆ ವೋಲ್ಟೇಜ್ ಸಾಕು ಎಂದರ್ಥ. ಅಂಡರ್‌ವೋಲ್ಟಿಂಗ್ ಎನ್ನುವುದು ಈ ಎರಡನೆಯ ಓದಿಗೆ. ವೋಲ್ಟೇಜ್ ಶೇ. 10 ಇಳಿದರೆ ಅದೇ ವೇಗಕ್ಕೆ ವಿದ್ಯುತ್ತು ಶೇ. 19ರಷ್ಟು ಉಳಿಯುತ್ತದೆ, ವ್ಯಾಟ್ ಮಿತಿಗೆ ಸಿಲುಕಿದ ಲ್ಯಾಪ್‌ಟಾಪಿನಲ್ಲಿ ಆ ಉಳಿತಾಯವೇ ಮತ್ತೆ ವೇಗವಾಗಿ ಮರಳುತ್ತದೆ. ಲ್ಯಾಪ್‌ಟಾಪಿನಲ್ಲಿ ಓವರ್‌ಕ್ಲಾಕಿಂಗ್ ಎಂಬ ಪದಕ್ಕೆ ಬೆಲೆಯಿರುವುದು ಈ ಅರ್ಥದಲ್ಲೇ.

ಮಾಡುವ ಕ್ರಮದಲ್ಲಿ ಗುಟ್ಟೇನಿಲ್ಲ, ತಾಳ್ಮೆ ಬೇಕು. ಫ್ಯಾನಿನ ಧೂಳು ತೆಗೆದು, ಲ್ಯಾಪ್‌ಟಾಪಿನ ಜೊತೆಗೇ ಬಂದ ಅಡಾಪ್ಟರನ್ನು ಚುಚ್ಚಿ, ಏನನ್ನೂ ಬದಲಿಸದೆ ಅರ್ಧ ಗಂಟೆ ಭಾರವಾದ ಆಟವೊಂದನ್ನು ಓಡಿಸಿ, ಬಿಸಿ, ವ್ಯಾಟ್, ವೇಗ ಮೂರನ್ನೂ ಎಚ್‌ಡಬ್ಲ್ಯೂಇನ್ಫೋದಂಥ ತಂತ್ರಾಂಶದಲ್ಲಿ ಗುರುತಿಟ್ಟುಕೊಳ್ಳಬೇಕು. ಅನಂತರ ಕೋರ್ ಕ್ಲಾಕಿಗೆ 25 ಮೆಗಾಹರ್ಟ್ಸ್ ಸೇರಿಸಿ, ಮತ್ತೆ ಅದೇ ಪರೀಕ್ಷೆ. ಎರಡು ನಿಮಿಷ ಓಡಿಸಿ ಸ್ಥಿರವಾಗಿದೆ ಎಂದು ಘೋಷಿಸುವವರನ್ನು ನಂಬಬೇಡಿ. ಲೋಹ ಪೂರ್ತಿ ಕಾಯಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮಿತಿ ದಾಟಿದ್ದಕ್ಕೆ ಕಣ್ಣಿಗೆ ಕಾಣುವ ಕುರುಹುಗಳಿವೆ: ಪರದೆಯ ಮೇಲೆ ಮಿಣಮಿಣ ಮಿನುಗುವ ಬಣ್ಣದ ಚುಕ್ಕೆಗಳು, ಎಲ್ಲಿಂದಲೋ ಎಲ್ಲಿಗೋ ಜಗ್ಗಿದಂತೆ ಉದ್ದವಾದ ತ್ರಿಕೋನಗಳು, ಅಥವಾ ಆಟ ನಿಂತು, ಪರದೆ ಒಮ್ಮೆ ಕಪ್ಪಾಗಿ ಮರಳುವುದು. ಎರಡು ಸೆಕೆಂಡಿನೊಳಗೆ ಉತ್ತರ ಕೊಡದ ಗ್ರಾಫಿಕ್ಸ್ ಚಿಪ್ಪಿನ ಡ್ರೈವರನ್ನು, ಅಂದರೆ ಅದನ್ನು ನಡೆಸುವ ತಂತ್ರಾಂಶವನ್ನು, ವಿಂಡೋಸ್ ತಾನೇ ಮರಳಿ ಆರಂಭಿಸುವುದರಿಂದ ಹೀಗಾಗುತ್ತದೆ. ಇಂಥದ್ದು ಕಂಡೊಡನೆ ಒಂದಲ್ಲ, ಎರಡು ಹೆಜ್ಜೆ ಹಿಂದೆ ಬರಬೇಕು. ವಿಡಿಯೋ ಮೆಮೊರಿಯ ವೇಗ ಏರಿಸುವಾಗ ಮಾತ್ರ ಕಣ್ಣನ್ನು ನೆಚ್ಚುವಂತಿಲ್ಲ. ಜಿಡಿಡಿಆರ್6 ಎಂಬ ಬಗೆಯ ವಿಡಿಯೋ ಮೆಮೊರಿಯಲ್ಲಿ ತಪ್ಪಾದ ದತ್ತಾಂಶವನ್ನು ಪತ್ತೆಹಚ್ಚಿ ಮತ್ತೆ ಕಳುಹಿಸುವ ವ್ಯವಸ್ಥೆಯಿದೆ; ಹಾಗಾಗಿ ಪರದೆ ಶುಭ್ರವಾಗಿಯೇ ಇದ್ದು, ವೇಗ ಅಳೆಯುವ ಬೆಂಚ್‌ಮಾರ್ಕ್ ಪರೀಕ್ಷೆಯ ಅಂಕ ಸದ್ದಿಲ್ಲದೆ ಇಳಿಯುತ್ತಿರುತ್ತದೆ. ಅಂಕ ಏರುವುದು ನಿಂತ ಕಡೆಯೇ ಅದರ ಗಡಿ.

ಪ್ರೊಸೆಸರಿಗೂ ಅಂಡರ್‌ವೋಲ್ಟಿಂಗ್ ಮಾಡಬಹುದಿತ್ತು. ಥ್ರಾಟಲ್‌ಸ್ಟಾಪ್ ತಂತ್ರಾಂಶ ಹೆಸರು ಮಾಡಿದ್ದು ಇದಕ್ಕೇ. ಆದರೆ ವೋಲ್ಟೇಜ್ ತಗ್ಗಿಸಿ ಚಿಪ್ಪಿನ ಭದ್ರ ಭಾಗದಿಂದ ರಹಸ್ಯಗಳನ್ನು ಕದಿಯುವ ಪ್ಲಂಡರ್‌ವೋಲ್ಟ್ ಎಂಬ ದಾಳಿ 2019ರ ಡಿಸೆಂಬರಿನಲ್ಲಿ ಬಯಲಾದ ಬಳಿಕ, ಅನೇಕ ಲ್ಯಾಪ್‌ಟಾಪುಗಳ ಬಯೋಸ್ (ಕಂಪ್ಯೂಟರನ್ನು ಆರಂಭಿಸುವ ಮೂಲ ತಂತ್ರಾಂಶ) ಅಪ್‌ಡೇಟುಗಳು ಆ ಬಾಗಿಲನ್ನು ಮುಚ್ಚಿದವು.

ಅಪಾಯವೆಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ ಹೀಗೆ. ವೋಲ್ಟೇಜಿನ ಮೇಲ್ಮಿತಿಗೆ ಬೀಗವಿದ್ದು, ಬಿಸಿ ಮೀರಿದರೆ ಚಿಪ್ ತಾನೇ ತಗ್ಗುವುದರಿಂದ, ತಂತ್ರಾಂಶದ ಮೂಲಕ ವೇಗ ಸರಿಸಿದ್ದಕ್ಕೇ ಗ್ರಾಫಿಕ್ಸ್ ಚಿಪ್ ಸುಟ್ಟುಹೋಗುವುದು ವಿರಳ. ವ್ಯಾಟ್ ಮಿತಿ ಮುರಿಯಲೆಂದು ಬೇರೆ ಮಾದರಿಯ ವಿಬಯೋಸ್ (ಗ್ರಾಫಿಕ್ಸ್ ಚಿಪ್ಪಿನ ಮೂಲ ತಂತ್ರಾಂಶ) ತುಂಬುವುದು ಅಥವಾ ಬೋರ್ಡಿನ ರೆಸಿಸ್ಟರುಗಳಿಗೆ ಬೆಸುಗೆ ಹಾಕುವುದು ಬೇರೆಯೇ ಮಾತು: ಅಲ್ಲಿ ಬಿಸಿಯೇರುವುದು ಚಿಪ್ಪಿಗಿಂತ ಅದಕ್ಕೆ ವಿದ್ಯುತ್ ಪೂರೈಸುವ ಬಿಡಿಭಾಗಗಳು, ಅವುಗಳ ಬಿಸಿಯನ್ನು ಎಷ್ಟೋ ಲ್ಯಾಪ್‌ಟಾಪುಗಳು ತೋರಿಸುವುದೂ ಇಲ್ಲ, ಮತ್ತು ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಹೊಂದಿಸಿಕೊಂಡ ವೇಗವನ್ನು ಕಂಪ್ಯೂಟರ್ ಆರಂಭವಾದಾಗಲೇ ಅನ್ವಯಿಸುವ ಆಯ್ಕೆ ಆಫ್ಟರ್‌ಬರ್ನರಿನಲ್ಲಿದೆ. ಕೆಲವು ದಿನಗಳ ನಿಜವಾದ ಬಳಕೆಯಲ್ಲಿ ಯಂತ್ರ ಒಮ್ಮೆಯೂ ತಡವರಿಸದೆ ಇದ್ದ ಮೇಲಷ್ಟೇ ಅದನ್ನು ಒತ್ತಬೇಕು, ಇಲ್ಲವಾದರೆ ತಪ್ಪು ಅಂಕಿಯೊಂದು ಪ್ರತಿ ಸಲ ವಿಂಡೋಸ್ ತೆರೆದೊಡನೆ ಪರದೆಯನ್ನು ಸ್ತಬ್ಧಗೊಳಿಸಿ, ವಿಂಡೋಸನ್ನು ಕನಿಷ್ಠ ತಂತ್ರಾಂಶದೊಂದಿಗೆ ತೆರೆಯುವ ಸೇಫ್ ಮೋಡಿಗೆ ಹೋಗಿಯೇ ಅದನ್ನು ತೆಗೆಯಬೇಕಾಗುತ್ತದೆ.