ಮಿಲಿಟ್ರಿ ಎಲ್ಲರಿಗೂ ಕಡ್ಡಾಯ ಮಾಡಿದ್ರ ಛಲೋ ಅಲ್ಲೇನ್ರಿ?

ಪ್ರಶ್ನೆ: ನಮ್ಮ ಹುಡುಗ ಪಿಯುಸಿ ಮುಗಿಸ್ಯಾನ, ಮನ್ಯಾಗ ಮೊಬೈಲ್ ಹಿಡಕೊಂಡು ಕುಂತಾನ. ಇಸ್ರೇಲಿನಾಗ ಇದ್ದಂಗ ನಮ್ಮಲ್ಲೂ ಎರಡು ವರ್ಷ ಮಿಲಿಟ್ರಿ ಕಡ್ಡಾಯ ಮಾಡಿದ್ರ ಶಿಸ್ತರ ಬರ್ತಿತ್ತು. ಯಾಕ ಮಾಡಂಗಿಲ್ಲ?
– ಆಳಂದ ತಾಲ್ಲೂಕಿನ ಒಬ್ಬ ತಂದೆ

ಉತ್ತರ: ಕಾನೂನು ಅಡ್ಡ ಬರುವುದಿಲ್ಲ. ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಕಡ್ಡಾಯ ಸೇವೆ ಹೇರಬಹುದು ಎಂದು ಸಂವಿಧಾನದ 23(2)ನೇ ವಿಧಿಯೇ ಹೇಳುತ್ತದೆ. ಆದರೂ ಸ್ವತಂತ್ರ ಭಾರತ ಸೈನ್ಯಕ್ಕೆ ಯಾರನ್ನೂ ಒತ್ತಾಯದಿಂದ ಸೇರಿಸಿಕೊಂಡಿಲ್ಲ, ಆ ಅಗತ್ಯವೇ ಬಿದ್ದಿಲ್ಲ. ಬೆಳಕು ಹರಿಯುವ ಮೊದಲೇ ಕಲಬುರಗಿ, ಯಾದಗಿರಿ ಕಡೆಯ ಹುಡುಗರು ಡಾಂಬರು ರಸ್ತೆ ಮೇಲೆ ಓಡುತ್ತಿರುತ್ತಾರಲ್ಲ, ಭರ್ತಿ ರ‍್ಯಾಲಿಯಲ್ಲಿ 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿ ಪೂರ್ಣ ಅಂಕ ಪಡೆಯಲು. ಆಮೇಲೆ ಪೂರ್ಣ ಅಂಕಕ್ಕೆ ಬೀಮ್ ಹಿಡಿದು ಹತ್ತು ಸಲ ಮೈ ಎತ್ತಬೇಕು, ಒಂಬತ್ತು ಅಡಿ ಹಳ್ಳ ಜಿಗಿಯಬೇಕು. ಇಷ್ಟು ಮಾಡಿಯೂ ಬಹಳ ಮಂದಿ ವಾಪಸ್ ಬರುತ್ತಾರೆ. ಬಂದವರನ್ನೇ ತೆಗೆದುಕೊಳ್ಳಲಾಗದ ಕಡೆ ಬರಲೊಲ್ಲದವರನ್ನು ಎಳೆದು ತಂದು ಏನು ಮಾಡುವುದು?

ಇಸ್ರೇಲ್, ದಕ್ಷಿಣ ಕೊರಿಯಾ ಚಿಕ್ಕ ದೇಶಗಳು, ಪಕ್ಕದಲ್ಲೇ ವೈರಿ. ಅವರಿಗೆ ಅದು ಅನಿವಾರ್ಯ. ಜರ್ಮನಿ 2011ರಲ್ಲಿ ಕಡ್ಡಾಯ ಭರ್ತಿ ನಿಲ್ಲಿಸಿತು. ಕೊರಿಯಾದಲ್ಲಿ ಸೇವೆ ಮುಗಿಸಿದವರಿಗೆ ಸರ್ಕಾರಿ ನೌಕರಿ ಪರೀಕ್ಷೆಯಲ್ಲಿ ಹೆಚ್ಚುವರಿ ಅಂಕ ಸಿಗುತ್ತಿತ್ತು. ಇದರಿಂದ ಹೆಣ್ಣುಮಕ್ಕಳಿಗೂ ಅಂಗವಿಕಲರಿಗೂ ಅನ್ಯಾಯವಾಗುತ್ತದೆ ಎಂದು ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ 1999ರಲ್ಲಿ ಅದನ್ನು ರದ್ದು ಮಾಡಿತು.

ನಿಮ್ಮ ಮಗನ ವಿಷಯಕ್ಕೆ ಬರೋಣ. ನಾಲ್ಕು ವರ್ಷ ಸೇವೆ ಮಾಡಿ ಊರಿಗೆ ಬಂದವನ ಕೈಯಲ್ಲಿ ಏನಿರುತ್ತದೆ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ. ಈಗ ಜವಾನರನ್ನು ನಾಲ್ಕು ವರ್ಷಕ್ಕಷ್ಟೇ ಸೇರಿಸಿಕೊಳ್ಳುವ 2022ರ ಅಗ್ನಿಪಥ ಯೋಜನೆಯಲ್ಲಿ ಮೊದಲ ವರ್ಷ ಸಂಬಳ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ 9,000 ಸೇವೆ ಮುಗಿದಾಗ ಒಟ್ಟಿಗೆ ಸಿಗುವ ‘ಸೇವಾ ನಿಧಿ’ಗೆ ಹೋಗುತ್ತದೆ, ಕೈಗೆ ಬರುವುದು 21,000. ನಿಧಿಗೆ ಸರ್ಕಾರವೂ ಅಷ್ಟೇ ಹಾಕುತ್ತದೆ. ಕೊನೆಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ, ತೆರಿಗೆ ಇಲ್ಲ. ಕಾಯಂ ಆಗುವವರು ಹೆಚ್ಚೆಂದರೆ ನೂರಕ್ಕೆ 25. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕ ಎಂಬ ಮಾನ್ಯತೆಯೂ ಇಲ್ಲ. ಈ ಮಾತನ್ನು ಮನೆಯವರು ಸೇರುವ ಮುಂಚೆಯೇ ತಿಳಿದಿರಬೇಕು. ಆ ಹಣ ನೋಡಿ ಅಕ್ಕನ ಮದುವೆಗೋ ಹೊಲದ ಸಾಲಕ್ಕೋ ಎಂದು ಮೊದಲೇ ಲೆಕ್ಕ ಹಾಕಿದರೆ, ಇಪ್ಪತ್ಮೂರರ ಆಸುಪಾಸಿನಲ್ಲಿ ಹುಡುಗ ಮತ್ತೆ ಬರಿಗೈಯಲ್ಲಿ ನಿಲ್ಲುತ್ತಾನೆ.

ಶಿಸ್ತು ಬರುತ್ತದೆ, ನಿಜ. ಹೊತ್ತಿಗೆ ಸರಿಯಾಗಿ ಏಳುವುದು, ಹತ್ತು ಭಾಷೆಯವರ ಜೊತೆ ಒಂದೇ ಬ್ಯಾರಕ್ಕಿನಲ್ಲಿ ಬಾಳುವುದು, ಹಿಂದಿಯಲ್ಲಿ ಧೈರ್ಯವಾಗಿ ಮಾತಾಡುವುದು ಸಣ್ಣ ಗಳಿಕೆಯಲ್ಲ. ಆದರೆ ನೌಕರಿ ಕೊಡುವವರು ಕೈಕೆಲಸ, ಕಾಗದ ಎರಡನ್ನೂ ನೋಡುತ್ತಾರೆ. ಅಗ್ನಿವೀರರು, ಅಂದರೆ ಈ ಯೋಜನೆಯಲ್ಲಿ ಸೇರಿದವರು, ಇಗ್ನೋ ಎಂಬ ಮುಕ್ತ ವಿಶ್ವವಿದ್ಯಾಲಯದ ಪದವಿಗೆ ಸೇರಿದರೆ ಸೇವೆಯಲ್ಲಿ ಪಡೆದ ತರಬೇತಿಗೇ ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧ ಸಿಗುತ್ತದೆ. ಅದನ್ನು ಬಿಡಬಾರದು. ಮಗ ವಿಜ್ಞಾನ ಓದಿದ್ದರೆ ಜನರಲ್ ಡ್ಯೂಟಿ (ಸಾಮಾನ್ಯ ಸೈನಿಕನ ಹುದ್ದೆ) ಒಂದನ್ನೇ ನೆಚ್ಚಿಕೊಳ್ಳದೆ ಟೆಕ್ನಿಕಲ್ ವಿಭಾಗಕ್ಕೂ ಅರ್ಜಿ ಹಾಕಲಿ. ರ‍್ಯಾಲಿಗೆ ಮುಂಚೆ ಆನ್‌ಲೈನ್ ಪರೀಕ್ಷೆ ಇರುತ್ತದೆ, ಓಟದ ಜೊತೆ ಓದೂ ನಡೆಯಬೇಕು.

ಅವನಿಗೆ ಮನಸ್ಸಿಲ್ಲದಿದ್ದರೆ ದೂಡಬೇಡಿ. ಡಿಗ್ರಿಗೆ ಹಚ್ಚಿ, ಎನ್‌ಸಿಸಿ ಇರುವ ಕಾಲೇಜು ನೋಡಿ. ಅಲ್ಲಿ ‘ಸಿ’ ಸರ್ಟಿಫಿಕೇಟ್ ಪಡೆದರೆ ಮುಂದೆ ಮನಸ್ಸು ಬದಲಾದಾಗ ಸೇನಾ ಭರ್ತಿಯಲ್ಲಿ ಹೆಚ್ಚುವರಿ ಅಂಕವೂ ಸಿಗುತ್ತದೆ.