ಕಡಲ್ಕೊರೆತದ ಹಿಂದಿನ ಕಥೆ: ನಮ್ಮ ಕರಾವಳಿಯ ಹೊಯ್ಗೆ ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ?

ಜೂನ್ ಬಂತೆಂದರೆ ಕರಾವಳಿಯ ಪೇಪರುಗಳಲ್ಲಿ ಒಂದೇ ಸುದ್ದಿ. ಉಳ್ಳಾಲದಲ್ಲಿ ಕಡಲ್ಕೊರೆತ, ಮರವಂತೆಯಲ್ಲಿ ಕಡಲ್ಕೊರೆತ, ತೆಂಗಿನಮರಗಳು ಸಮುದ್ರಪಾಲು, ಲಾರಿಯಲ್ಲಿ ಕಲ್ಲು ಬಂತು. ಓದಿದವರಿಗೆ ಸಮುದ್ರ ಆ ವರ್ಷ ಸಿಟ್ಟಿಗೆದ್ದು ಊರಿನ ಮೇಲೆ ಬಿದ್ದಿದೆ ಅನ್ನಿಸುತ್ತದೆ. ನನಗೆ ಮಾತ್ರ ಇದು ಹೊಯ್ಗೆಯ, ಅಂದರೆ ಮರಳಿನ, ಜಮಾಖರ್ಚು ಅಂತಲೇ ಕಾಣುತ್ತದೆ. ಎಷ್ಟು ಬಂತು, ಎಷ್ಟು ಹೋಯಿತು, ನಡುವೆ ಯಾರು ತಡೆದರು ಅನ್ನುವುದನ್ನು ನೋಡದೆ ಕಡಲ್ಕೊರೆತ ಅರ್ಥವಾಗುವುದಿಲ್ಲ.

ಮೊದಲು ಕಲ್ಲಿನಿಂದ ಶುರು ಮಾಡೋಣ. ಮಲ್ಪೆಯ ಎದುರಿಗಿರುವ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಂಬ ಕಂಬದಂಥ ಕಲ್ಲುಗಳನ್ನು ನೋಡಿರುತ್ತೀರಿ. ಅದು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ತಣ್ಣಗಾಗಿ ಬಿರುಕು ಬಿಟ್ಟ ರೂಪ. ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ನಮ್ಮ ಪಶ್ಚಿಮ ಕರಾವಳಿ ಹುಟ್ಟಿದ್ದಕ್ಕೆ ಕೈಯಲ್ಲಿ ಮುಟ್ಟಬಹುದಾದ ಸಾಕ್ಷಿ ಬೇಕಿದ್ದರೆ ಇದೇ.

ಕಲ್ಲು ಹಳೆಯದಾದರೂ ಬೀಚು ತೀರಾ ಎಳೆಯದು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಸಮುದ್ರದ ಮಟ್ಟ ಈಗಿನದಕ್ಕಿಂತ ಹೆಚ್ಚುಕಡಿಮೆ 120 ಮೀಟರ್ ಕೆಳಗಿತ್ತು. ಇವತ್ತು ಮೀನು ಹಿಡಿಯುವ ಜಾಗ ಎಷ್ಟೋ ಆಗ ಒಣನೆಲ. ಹಿಮ ಕರಗಿ ನೀರು ಏರುತ್ತಾ ಬಂದು, 6-7 ಸಾವಿರ ವರ್ಷಗಳ ಹಿಂದೆ ಈಗಿನ ಮಟ್ಟದ ಹತ್ತಿರ ನಿಂತಿತು. ಹಾಗೆ ಏರುವಾಗ ನದಿ ಕಣಿವೆಗಳ ಬಾಯಿಗೆ ಉಪ್ಪುನೀರು ನುಗ್ಗಿತು. ಕಾಳಿ, ಅಘನಾಶಿನಿ, ಶರಾವತಿ ಸಮುದ್ರ ಸೇರುವಲ್ಲಿ ಅಷ್ಟೊಂದು ಅಗಲವಾಗಿ ಹರಡಿಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಕಾರವಾರದಿಂದ ಗೋಕರ್ಣದವರೆಗೆ ಘಟ್ಟದ ಕಾಲುಗಳು ಸಮುದ್ರದ ತನಕ ಚಾಚಿವೆ. ಅಲೆ ಮುಂದಕ್ಕೆ ಚಾಚಿದ ಗುಡ್ಡದ ಕಡೆಗೆ ಬಾಗಿ, ಅಲ್ಲೇ ಜಾಸ್ತಿ ಹೊಡೆಯುತ್ತದೆ. ಎರಡು ಗುಡ್ಡಗಳ ನಡುವಿನ ಕೊಲ್ಲಿಯಲ್ಲಿ ಬಲ ಕಳೆದುಕೊಂಡು ಹೊಯ್ಗೆ ಇಳಿಸುತ್ತದೆ. ಗೋಕರ್ಣದ ಓಂ ಬೀಚು, ಕುಡ್ಲೆ ಬೀಚು ಆದದ್ದು ಹೀಗೆ. ಉಡುಪಿ, ಮಂಗಳೂರಿನ ಕಡೆ ಇಂಥ ಗುಡ್ಡದ ಆಸರೆ ಕಡಿಮೆ. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವ ಬಂಡೆ, ಸೋಮೇಶ್ವರದ ಬಂಡೆಗಳು, ಹೀಗೆ ಅಲ್ಲಲ್ಲಿ ಕಲ್ಲು ತಲೆ ಎತ್ತಿದೆ. ಉಳಿದದ್ದೆಲ್ಲ ಉದ್ದಕ್ಕೆ ಮಲಗಿದ ಹೊಯ್ಗೆ, ಅದಕ್ಕೇ ಅಲ್ಲಿ ತಾಪತ್ರಯವೂ ಜಾಸ್ತಿ.

ಈ ಹೊಯ್ಗೆ ಬಹುಪಾಲು ಘಟ್ಟದ್ದು. ಮಳೆಗಾಲದಲ್ಲಿ ನದಿಗಳು ಹೊತ್ತು ತಂದು ಅಳಿವೆಯಲ್ಲಿ, ಅಂದರೆ ಸಮುದ್ರ ಸೇರುವ ಬಾಯಿಯಲ್ಲಿ, ಸುರಿಯುತ್ತವೆ, ಅಲ್ಲಿಂದ ಮುಂದೆ ಅಲೆಯ ಕೆಲಸ. ಅಲೆ ದಡಕ್ಕೆ ನೇರವಾಗಿ ಬರುವುದು ಕಡಿಮೆ, ಓರೆಯಾಗಿ ಬಂದು ಹೊಯ್ಗೆಯನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತದೆ, ವಾಪಸು ಹೋಗುವ ನೀರು ಅದನ್ನು ನೆಟ್ಟಗೆ ಕೆಳಗೆ ಎಳೆಯುತ್ತದೆ, ಹೀಗೆ ದಿನಕ್ಕೆ ಸಾವಿರಾರು ಸಲ ಆದಾಗ ಒಂದೊಂದು ಕಾಳು ಹೊಯ್ಗೆಯೂ ದಡದ ಉದ್ದಕ್ಕೆ ಪ್ರಯಾಣ ಮಾಡಿರುತ್ತದೆ. ನದಿಯ ಬಾಯಿಗೆ ಅಡ್ಡಲಾಗಿ ಹೊಯ್ಗೆಯ ನಾಲಿಗೆ ಬೆಳೆಯುವುದು ಹೀಗೆಯೇ. ಮಂಗಳೂರಿನ ಬೆಂಗ್ರೆ ನೋಡಿ. ಗುರುಪುರ ನದಿ ಸಮುದ್ರದ ಹತ್ತಿರ ಬಂದರೂ ಸೀದಾ ಸೇರಲಾಗದೆ, ತಣ್ಣೀರುಬಾವಿ, ಬೆಂಗ್ರೆಯ ಬೆನ್ನಿಗೆ ಹರಿದು ದಕ್ಷಿಣಕ್ಕೆ ಹೋಗಿ, ನೇತ್ರಾವತಿಯ ಜೊತೆ ಸೇರಿಯೇ ಸಮುದ್ರಕ್ಕೆ ಬೀಳಬೇಕು. ಇಂಥ ಹೊಯ್ಗೆಯ ಪಟ್ಟಿಗಳು ಬೆಳೆಯುತ್ತವೆ, ಸವೆಯುತ್ತವೆ, ದೊಡ್ಡ ನೆರೆಗೆ ಒಡೆಯುತ್ತವೆ. ಅಳಿವೆ ಜಾಗ ಬದಲಿಸುವುದು ಅದರ ಹುಟ್ಟುಗುಣ.

ಮಳೆಗಾಲದಲ್ಲಿ ನಮ್ಮ ಕಡಲಿನ ಅಲೆ 3 ಮೀಟರ್ ದಾಟುತ್ತದೆ. ಆಗ ಬೀಚಿನ ಹೊಯ್ಗೆ ಎದ್ದು ಒಳಗೆ ಹೋಗಿ ನೀರಿನಡಿ ದಿಬ್ಬವಾಗಿ ಕೂರುತ್ತದೆ. ಆ ದಿಬ್ಬಕ್ಕೆ ತಾಗಿ ಅಲೆ ದೂರದಲ್ಲೇ ಮುರಿಯುತ್ತದೆ, ಅಂದರೆ ಹೋದ ಹೊಯ್ಗೆಯೇ ದಡವನ್ನು ಕಾಯುತ್ತದೆ. ಸೆಪ್ಟೆಂಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ನಿಧಾನಕ್ಕೆ ವಾಪಸು ತಂದು ಹಾಕುತ್ತವೆ. ಜುಲೈನಲ್ಲಿ ದಡಕ್ಕೆ ಹೋದರೆ ಹೊಯ್ಗೆ ಗೋಡೆಯ ಹಾಗೆ ಕಡಿದು ನಿಂತಿರುತ್ತದೆ, ಗಾಳಿಮರದ ಬೇರುಗಳು ಗಾಳಿಯಲ್ಲಿ ನೇತಾಡುತ್ತಿರುತ್ತವೆ, ಕೆಳಗೆ ಕಪ್ಪು ಹೊಯ್ಗೆಯ ಪಟ್ಟೆ ಕಾಣುತ್ತದೆ. ಹಗುರದ ಬಿಳಿ ಹೊಯ್ಗೆಯನ್ನು ಅಲೆ ಒಯ್ದಿದೆ, ಭಾರದ ಕಪ್ಪು ಖನಿಜ ಉಳಿದಿದೆ. ಜನವರಿಯಲ್ಲಿ ಅದೇ ಜಾಗದಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ.

ಹೋದದ್ದು ವಾಪಸು ಬರುವ ತನಕ ಇದು ಕೊರೆತವೇ ಅಲ್ಲ. ಬರುವುದು ಯಾಕೆ ಕಡಿಮೆಯಾಯಿತು ಅನ್ನುವುದೇ ಪ್ರಶ್ನೆ.

ಶರಾವತಿ, ಕಾಳಿಯಂಥ ನದಿಗಳ ಅಣೆಕಟ್ಟುಗಳ ಹಿಂದೆ ಹೊಯ್ಗೆ ಹೂಳಾಗಿ ಕೂತಿತು. ನದಿಯೊಳಗಿನ ಮರಳು ಮನೆ ಕಟ್ಟಲು ಹೋಯಿತು. ಪಣಂಬೂರಿನ ನವಮಂಗಳೂರು ಬಂದರು 1970ರ ದಶಕದ್ದು. ಆಮೇಲೆ 1990ರ ದಶಕದಲ್ಲಿ ನೇತ್ರಾವತಿ-ಗುರುಪುರ ಅಳಿವೆಯ ಎರಡೂ ಬದಿಗೆ ಸಮುದ್ರದೊಳಗೆ ಚಾಚಿದ ಬ್ರೇಕ್‌ವಾಟರ್ ಗೋಡೆಗಳು ಬಂದವು. ಮೀನುಗಾರರಿಗೆ ಅದು ಬೇಕಿತ್ತು, ಹೊಯ್ಗೆ ತುಂಬಿದ ಅಳಿವೆಯಲ್ಲಿ ದೋಣಿ ಮಗುಚಿ ಜೀವ ಹೋಗುವುದನ್ನು ನೋಡಿಕೊಂಡು ಕೂರಲಾಗುವುದಿಲ್ಲ. ಆದರೆ ದಡದ ಉದ್ದಕ್ಕೆ ಸಾಗುವ ಹೊಯ್ಗೆಗೆ ಗೋಡೆ ಅಡ್ಡ ನಿಂತಿತು. ಬೆಂಗ್ರೆ ಕಡೆ ಹೊಯ್ಗೆ ತುಂಬಿತು, ಉಳ್ಳಾಲದ ಕಡೆ ಸವೆಯಿತು. ಒಂದೇ ಅಳಿವೆಯ ಆಚೆ ದಡದ ಊರಿಗೆ ಲಾಭ, ಈಚೆ ದಡದ ಊರಿಗೆ ನಷ್ಟ.

ಅದಕ್ಕೆ ಮದ್ದು ಅಂತ ಕಲ್ಲು ಸುರಿದರು. ಕಲ್ಲಿನ ಗೋಡೆ ಹಿಂದಿನ ಮನೆಯನ್ನು ಸ್ವಲ್ಪ ಕಾಲ ಉಳಿಸುತ್ತದೆ ನಿಜ, ಮನೆ ಅಂಚಿಗೆ ಬಂದವರಿಗೆ ಬೇರೆ ದಾರಿಯೂ ಇರುವುದಿಲ್ಲ. ಆದರೆ ಗೋಡೆಗೆ ಬಡಿದ ಅಲೆ ಹಿಂದಕ್ಕೆ ಚಿಮ್ಮಿ ಬುಡದ ಹೊಯ್ಗೆಯನ್ನೇ ಎತ್ತಿಕೊಂಡು ಹೋಗುತ್ತದೆ. ಕಲ್ಲು ಕುಸಿಯುತ್ತದೆ. ಗೋಡೆ ಮುಗಿದಲ್ಲಿ ಹೊಸ ಕೊರೆತ ಶುರು, ಪಕ್ಕದ ಮನೆಯವರು ನಮಗೂ ಗೋಡೆ ಕೊಡಿ ಅನ್ನುತ್ತಾರೆ, ಅವರು ಕೇಳುವುದು ತಪ್ಪಾ? ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ನೀರಿನಡಿ ರೀಫ್, ಅಂದರೆ ಅಲೆಯನ್ನು ದೂರದಲ್ಲೇ ಮುರಿಯುವ ದಿಬ್ಬ, ಕಟ್ಟಿದರು, ಮರವಂತೆಯಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಗೋಡೆಗಳು ಬಂದವು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಬಂದಾಗ ಎರಡೂ ಕಡೆ ಜನ ಮತ್ತೆ ಪೆಟ್ಟು ತಿಂದರು.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ದೇಶದ ಕರಾವಳಿಯಲ್ಲಿ ಶೇ 34ರಷ್ಟು ಸವೆಯುತ್ತಿದೆ, ಶೇ 27ರಷ್ಟು ಬೆಳೆಯುತ್ತಿದೆ. ಕರ್ನಾಟಕದಲ್ಲಿ ಸವೆಯುವ ಪಾಲು ಶೇ 24ರ ಹತ್ತಿರ, ಕೇರಳದಲ್ಲಿ ಶೇ 46. ನಮ್ಮದು ಕಡಿಮೆ ಅನ್ನುವ ಸಮಾಧಾನ ಉಳ್ಳಾಲದವರಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ.

ಪುದುಚೇರಿಯಲ್ಲೂ 1980ರ ದಶಕದಲ್ಲಿ ಬಂದರಿನ ಗೋಡೆ ಕಟ್ಟಿದ ಮೇಲೆ ಅದರ ಉತ್ತರಕ್ಕಿದ್ದ ಊರಿನ ಬೀಚೇ ಮಾಯವಾಯಿತು. ಕಲ್ಲು ಸುರಿದು ಸುರಿದು ಸಾಕಾದ ಮೇಲೆ, ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2018ರ ಸುಮಾರಿಗೆ ನೀರಿನಡಿ ಉಕ್ಕಿನ ರೀಫ್ ಇಳಿಸಿತು. ಅದರ ಜೊತೆಗೆ ಬಂದರಿನಲ್ಲಿ ಹೂಳೆತ್ತಿದ ಹೊಯ್ಗೆಯನ್ನು ದಡಕ್ಕೇ ಸುರಿದರು. ದಶಕಗಳ ಬಳಿಕ ಅಲ್ಲಿ ಜನ ಮತ್ತೆ ಹೊಯ್ಗೆಯ ಮೇಲೆ ನಡೆದರು. ನಮ್ಮ ಬಂದರು, ಅಳಿವೆಗಳಲ್ಲೂ ಹೂಳೆತ್ತುತ್ತಾರೆ. ಮುಂದಿನ ಸಲ ನಿಮ್ಮ ಊರಿನಲ್ಲಿ ತಡೆಗೋಡೆಗೆ ದುಡ್ಡು ಮಂಜೂರಾದ ಸುದ್ದಿ ಬಂದಾಗ, ಹಾಗೆ ಎತ್ತಿದ ಹೊಯ್ಗೆ ಎಲ್ಲಿಗೆ ಹೋಗುತ್ತಿದೆ ಅಂತ ಪಂಚಾಯತ್ ಸಭೆಯಲ್ಲೇ ಕೇಳಿ.